ಚಾವಡಿಯಲ್ಲಿ 94, ಹಿಂದಿನ ಕೋಣೆಯಲ್ಲಿ 6

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಕೆಂಪುಕಲ್ಲಿನ, ಅಂದರೆ ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಮಂಗಳೂರು ಹಂಚು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಬೆಂಗಳೂರು ಬಿಟ್ಟು ಬಂದಾಗ ಈ ಗೋಡೆಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಫೈಬರ್ ಇಂಟರ್ನೆಟ್ ಹಾಕಿಸಿದೆ. 100 ಎಂಬಿಪಿಎಸ್ ಪ್ಲಾನ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಬಂದ ಹುಡುಗರು ರೌಟರನ್ನು ಚಾವಡಿಯ (ಮನೆಯ ಎದುರಿನ ಪಡಸಾಲೆಯ) ಟಿವಿ ಹಿಂದೆ ಇಟ್ಟು ಹೋದರು. ಅಲ್ಲೇ ನಿಂತು ಸ್ಪೀಡ್ ನೋಡಿದರೆ 94. ನಾನು ಕೆಲಸಕ್ಕೆ ಕೂರುವ ಹಿಂದಿನ ಕೋಣೆಯಲ್ಲಿ 6. ಮಳೆ ಹಿಡಿದ ಮೇಲೆ ಅದೂ ಇಲ್ಲ. ಮೀಟಿಂಗ್ ಮಧ್ಯದಲ್ಲಿ ನನ್ನ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿತ್ತು.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಪ್ಲಾನ್ 200ಕ್ಕೆ ಏರಿಸಿದೆ. ಚಾವಡಿಯಲ್ಲಿ ಸ್ಪೀಡ್ ಹೆಚ್ಚಾಯಿತು, ಕೋಣೆಯಲ್ಲಿ ಅದೇ 6. ಅಮ್ಮ ಕೇಳಿದರು, "ಎಂತ ಮಾರಾಯ, ಜಾಸ್ತಿ ಹಣ ಕೊಟ್ಟದ್ದು ಚಾವಡಿಗಾ?"

ಹೌದು, ಚಾವಡಿಗೇ. ನಾವು ದುಡ್ಡು ಕೊಡುವುದು ರೌಟರ್ ತನಕ ಬರುವ ಇಂಟರ್ನೆಟ್ಟಿಗೆ. ಅಲ್ಲಿಂದ ಮುಂದಿನದು ನಮ್ಮ ಮನೆಯೊಳಗಿನ ಜಾಲ, ಅದೇ ವೈಫೈ. ಅದರ ಜವಾಬ್ದಾರಿ ನಮ್ಮದು. ವೈಫೈ ಅಂದರೆ ರೇಡಿಯೊ, ಬೇರೇನಲ್ಲ. ನನ್ನ ರೌಟರಿನದು ಎರಡು ಬಗೆಯ ಅಲೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಜ್‌ನದು ಸುಮಾರು 6. ಎರಡನೆಯದು ವೇಗ, ಆದರೆ ಗೋಡೆ ಕಂಡರೆ ಬೇಗ ಸುಸ್ತಾಗುತ್ತದೆ. ಗೋಡೆ ನೀರು ಕುಡಿದಿದ್ದರೆ ಇನ್ನೂ ಕಷ್ಟ. ನಮ್ಮ ಮುರಕಲ್ಲು ಮಳೆಗಾಲದಲ್ಲಿ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಅಲ್ವಾ? ಚಾವಡಿಗೂ ನನ್ನ ಕೋಣೆಗೂ ನಡುವೆ ಅಂಥ ಎರಡು ಗೋಡೆ. ಸಾಲದ್ದಕ್ಕೆ ಒಂದು ಕಬ್ಬಿಣದ ಕಪಾಟು.

ಫೋನಿನಲ್ಲಿ ವೈಫೈ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಮನೆಯಿಡೀ ತಿರುಗಿದೆ. ಸಿಗ್ನಲ್ ಮೈನಸ್ ಲೆಕ್ಕದಲ್ಲಿ ಬರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಚಾವಡಿಯಲ್ಲಿ ಮೈನಸ್ 42. ಕೋಣೆಯಲ್ಲಿ ಮೈನಸ್ 82. ವಿಡಿಯೊ ಕಾಲ್ ಸರಾಗ ನಡೆಯಬೇಕಾದರೆ ಮೈನಸ್ 67ರ ಆಸುಪಾಸಾದರೂ ಬೇಕು. ರೌಟರನ್ನು ಟಿವಿ ಹಿಂದಿನಿಂದ ತೆಗೆದು ಬಾಗಿಲಿನ ಮೇಲಿನ ಹಲಗೆಯಲ್ಲಿಟ್ಟೆ. ಖರ್ಚಿಲ್ಲದೆ ಮೈನಸ್ 74ಕ್ಕೆ ಬಂತು. ಮೊದಲು ಇದನ್ನೇ ಮಾಡಿ ನೋಡಿ.

ಆಮೇಲೆ ರಿಪೀಟರ್ ತಂದೆ, ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ. ಅದನ್ನು ನನ್ನ ಕೋಣೆಯಲ್ಲೇ ಹಾಕಿದ್ದು ದಡ್ಡತನ. ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಅದು ನಮಗೇನು ಹೇಳೀತು? ನಡುಕೋಣೆಗೆ ಸರಿಸಿದ ಮೇಲೆ 25 ಬಂತು, ಅಷ್ಟೇ. ಗಾಳಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ನನ್ನ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ಚಾನೆಲ್ಲಿನಲ್ಲಿ, ಹಾಗಾಗಿ ಒಂದೇ ಮಾತು ಎರಡು ಸಲ ಗಾಳಿಗೆ ಹೋಗುತ್ತದೆ. ಅರ್ಧ ಹೊತ್ತು ಅಲ್ಲೇ ಖರ್ಚು.

ಕೊನೆಗೆ ದಾರಿ ತೋರಿಸಿದ್ದು ವೈರ್. ಇಪ್ಪತ್ತು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ಲನ್ನು ಅಟ್ಟದ ಮೇಲಿನಿಂದ ಎಳೆದೆ. ಜೇಡರ ಬಲೆ, ಇಲಿ ಹಿಕ್ಕೆ, ಅಜ್ಜನ ಕಾಲದ ಒಡೆದ ಹಂಚು, ಎಲ್ಲದರ ದರ್ಶನ ಆಯಿತು. ಕೋಣೆಯ ತುದಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೇ ರೌಟರನ್ನೇ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ಅಲ್ಲಿ ವೈಫೈ ಮಾಡಿ ಕೊಡುವ ಸಾಧನ ಮಾಡಿಕೊಂಡೆ.

ಇಲ್ಲಿ ಒಂದು ದಿನ ಪೂರ್ತಿ ಮಂಡೆಬಿಸಿ. ಫೋನ್ ವೈಫೈಗೆ ಸೇರುತ್ತದೆ, ನೆಟ್ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಹತ್ತು ನಿಮಿಷಕ್ಕೆ ಹೋಗುತ್ತದೆ. ಮನೆಯ ಪ್ರತಿ ಸಾಧನಕ್ಕೂ ರೌಟರ್ ಒಂದು ಐಪಿ ವಿಳಾಸ ಕೊಡುತ್ತದೆ, ಆ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ನಾನು ಹಳೇ ರೌಟರಿನಲ್ಲಿ ಅದನ್ನು ಆಫ್ ಮಾಡಿರಲಿಲ್ಲ. ಇಬ್ಬರೂ ವಿಳಾಸ ಹಂಚುತ್ತಿದ್ದರು. ಹಳೆಯದು ಹೊರಗೆ ಹೋಗುವ ಬಾಗಿಲು ತಾನೇ ಅಂತ ಸುಮ್ನೆ ಹೇಳಿಬಿಡುತ್ತಿತ್ತು. ಅದರ ಕೈಗೆ ಸಿಕ್ಕವರಿಗೆ ನೆಟ್ ಇಲ್ಲ.

ಹಾಗಾಗಿ ಕೇಬಲ್ ಸಿಕ್ಕಿಸುವ ಮೊದಲೇ ಹಳೇ ರೌಟರಿನ ವಿಳಾಸವನ್ನು 192.168.1.1ರಿಂದ 192.168.1.2ಕ್ಕೆ ಬದಲಿಸಿ. ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ ವ್ಯಾನ್ (ಹೊರಗಿನ ನೆಟ್ಟಿನದು) ಅಂತ ಬರೆದ ತೂತಿಗಲ್ಲ, ಲ್ಯಾನ್ (ಮನೆಯೊಳಗಿನ ಜಾಲದ್ದು) ಅಂತ ಬರೆದದ್ದಕ್ಕೆ. ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ. 2.4ರಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ. ನಾನು ಚಾವಡಿಗೆ 1, ಕೋಣೆಗೆ 11 ಕೊಟ್ಟೆ. ಕೋಣೆಯಲ್ಲಿ 88 ಬಂತು. ಹಳೇ ರೌಟರಿನ ಲ್ಯಾನ್ ತೂತು 100ಕ್ಕಿಂತ ಜಾಸ್ತಿ ಬಿಡುತ್ತಿರಲಿಲ್ಲ, ಅದಕ್ಕೇ ಪ್ಲಾನನ್ನೂ ವಾಪಸ್ 100ಕ್ಕೆ ಇಳಿಸಿದೆ.

ಮಂಗಳೂರಿನ ಕದ್ರಿಯಲ್ಲಿ ಫ್ಲ್ಯಾಟಿನಲ್ಲಿರುವ ತಂಗಿಯ ಸಮಸ್ಯೆಯೇ ಬೇರೆ. ಅಲ್ಲಿ ಗೋಡೆ ತೆಳು, ನೆರೆಯವರ ವೈಫೈ ಇಪ್ಪತ್ತು ಕಾಣುತ್ತದೆ, 2.4ರ ಮೂರು ಚಾನೆಲ್ಲಿನಲ್ಲಿ ಎಲ್ಲರದೂ ಗದ್ದಲ. ಅವಳಿಗೆ 5 ಗಿಗಾಹರ್ಟ್ಜ್ ಮಾತ್ರ ಬಳಸು ಅಂದೆ. ಅಷ್ಟರಲ್ಲೇ ಸರಿಹೋಯಿತು.

ಭದ್ರತೆಗೆ ನಾನು ಮಾಡಿದ್ದು ಇಷ್ಟೇ. ವೈಫೈಗೆ ಡಬ್ಲ್ಯುಪಿಎ2 ಎಂಬ ಬೀಗ ಇಟ್ಟೆ, ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ಪಾಸ್‌ವರ್ಡ್ ಹಾಕದೆ ಗುಂಡಿ ಒತ್ತಿಯೋ ಪಿನ್ ಕೊಟ್ಟೋ ಸೇರಲು ಬಿಡುವ ಡಬ್ಲ್ಯುಪಿಎಸ್ ಆಫ್ ಮಾಡಿದೆ, ನೇಮಕ್ಕೆ (ದೈವದ ಕೋಲಕ್ಕೆ) ಬರುವ ನೆಂಟರಿಗೆ ಗೆಸ್ಟ್ ವೈಫೈ ಬೇರೆ ಮಾಡಿಟ್ಟೆ.

ಸಿಡಿಲಿನ ಪಾಠ ಮಾತ್ರ ದುಬಾರಿ ಬಿತ್ತು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ ಅಂತ ನಾನು ಆರಾಮ ಇದ್ದೆ. ಮೇ ತಿಂಗಳ ಒಂದು ಸಂಜೆ ಪ್ಲಗ್ಗಿನ ಮೂಲಕವೇ ಬಂತು. ಎರಡು ಸಾಧನದ ನಡುವೆ ನಾನೇ ಎಳೆದ ತಾಮ್ರದ ಕೇಬಲ್ ಬೇರೆ ಇತ್ತಲ್ಲ, ಎರಡೂ ಹೋದವು. ಈಗ ಗುಡುಗು ಕೇಳಿದ ಕೂಡಲೇ ಅಮ್ಮ ಬಟ್ಟೆ ತರಲು ಅಂಗಳಕ್ಕೆ ಓಡುತ್ತಾರೆ, ನಾನು ಪ್ಲಗ್ ಕೀಳಲು ಚಾವಡಿಗೆ.

ಕಳೆದ ಮಳೆಗಾಲ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾಯಿತು. ಎರಡು ದಿನ ನೆಟ್ ಇಲ್ಲ. ಅಪ್ಪನಿಗೆ ರಾತ್ರಿ ಯಕ್ಷಗಾನ ನೋಡದೆ ನಿದ್ದೆ ಬರುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಹಳೇ ರೆಕಾರ್ಡಿಂಗ್ ಕೆಲವು ಇದ್ದವು. ಆ ಫೋಲ್ಡರನ್ನು ಶೇರ್ ಮಾಡಿ, ಟಿವಿಯಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಆ್ಯಪ್ ತೆರೆದು ಹುಡುಕಿದೆ, ಸಿಕ್ಕಿತು. ಚೆಂಡೆ ಶುರುವಾಯಿತು.

"ನೆಟ್ ಇಲ್ಲ ಅಂದಿಯಲ್ಲ, ಇದು ಎಲ್ಲಿಂದ ಬರ್ತಾ ಉಂಟು?" ಅಂದರು ಅಪ್ಪ.

"ಹಿಂದಿನ ಕೋಣೆಯಿಂದ" ಅಂದೆ.