ತುಟಿ ಮುಂದೆ, ಮಾತು ಹಿಂದೆ: ಟಿವಿ ಕಾರ್ಯಕ್ರಮವನ್ನು ಡಿವಿಡಿಗೆ ಇಳಿಸುವುದು ಹೇಗೆ?

ನನ್ನ ಹತ್ತಿರ ಬರುವ ದೂರು ಹೆಚ್ಚುಕಡಿಮೆ ಒಂದೇ. "ಶುರುವಿನಲ್ಲಿ ಚೆನ್ನಾಗಿದೆ. ಅರ್ಧ ಗಂಟೆ ಆದಮೇಲೆ ತುಟಿ ಮೊದಲು ಅಲ್ಲಾಡುತ್ತದೆ, ಮಾತು ಆಮೇಲೆ ಕೇಳುತ್ತದೆ." ಇದು ಗೊತ್ತಾಗುವುದು ಡಿವಿಡಿ ಬರ್ನ್ ಮಾಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡುವಾಗ. ಅಷ್ಟು ಹೊತ್ತಿಗೆ ಮೂಲ ಫೈಲ್ ಅಳಿಸಿಯಾಗಿರುತ್ತದೆ. ಎಲ್ಲರೂ ಬರ್ನ್ ಮಾಡುವ ಸಾಫ್ಟ್‌ವೇರನ್ನು ಬೈಯುತ್ತಾರೆ. ಎಡವಟ್ಟು ಆಗಿರುವುದು ಅಲ್ಲಲ್ಲ, ರೆಕಾರ್ಡ್ ಮಾಡುವಾಗಲೇ.

ಮೊದಲು ನಿಮಗೆ ಬರುತ್ತಿರುವ ಸಿಗ್ನಲ್ ಯಾವುದು ನೋಡಿಕೊಳ್ಳಿ. ಕಂಪ್ಯೂಟರಿನೊಳಗೇ ಟಿವಿ ಸಿಗ್ನಲನ್ನು ನೇರ ಹಿಡಿಯುವ ಡಿಜಿಟಲ್ ಟ್ಯೂನರ್ ಕಾರ್ಡ್ ಇದ್ದರೆ ನೀವು ಪುಣ್ಯವಂತರು. ಹಳೆಯ ಮಾದರಿಯ ಚಾನೆಲ್‌ಗಳು ಎಂಪೆಗ್-2 ಎಂಬ ಕುಗ್ಗಿಸಿದ ವಿಡಿಯೊ ರೂಪದಲ್ಲೇ ಬರುತ್ತವೆ, ಡಿವಿಡಿಗೂ ಬೇಕಿರುವುದು ಅದೇ. ಇಂಥ ಫೈಲನ್ನು ಎವಿಐ ಎಂಬ ಇನ್ನೊಂದು ಬಗೆಯ ಫೈಲ್ ಮಾಡಿ, ಅದನ್ನು ಮತ್ತೆ ಎಂಪೆಗ್ ಮಾಡುವವರನ್ನು ಕಂಡಿದ್ದೇನೆ. ಇಸ್ತ್ರಿ ಮಾಡಿದ ಬಟ್ಟೆಯನ್ನು ಮುದುಡಿ, ಮತ್ತೆ ಇಸ್ತ್ರಿಗೆ ಕೊಟ್ಟ ಹಾಗೆ! ಪ್ರಾಜೆಕ್ಟ್‌ಎಕ್ಸ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲ್ ಕೊಡಿ. ಚಿತ್ರ, ಧ್ವನಿ ಎರಡನ್ನೂ ಬೇರೆ ಮಾಡಿ, ನಡುವಿನ ಸಣ್ಣಪುಟ್ಟ ದೋಷ ಸರಿಪಡಿಸಿಕೊಡುತ್ತದೆ. ಎಚ್‌ಡಿ ಚಾನೆಲ್ ಆದರೆ, ಇಲ್ಲವೇ ಚಿತ್ರದ ಅಗಲ 544 ಅಥವಾ 480 ಪಿಕ್ಸೆಲ್ ಇದ್ದರೆ ಮಾತ್ರ ಮತ್ತೆ ಎನ್‌ಕೋಡ್ ಮಾಡಲೇಬೇಕು, ಅಂದರೆ ಡಿವಿಡಿಯ ರೂಪಕ್ಕೆ ಹೊಸದಾಗಿ ಕುಗ್ಗಿಸಬೇಕು. ಪಾಲ್ (ನಮ್ಮಲ್ಲಿ ಬಳಸುವ ಟಿವಿ ಪದ್ಧತಿ) ಡಿವಿಡಿ ಒಪ್ಪುವ ಅಗಲ 720, 704, 352 ಅಷ್ಟೇ.

ಸೆಟ್‌ಟಾಪ್ ಬಾಕ್ಸಿನಿಂದ ವೈರ್ ಎಳೆದು ಸಿಗ್ನಲನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡಿಗೆ ಕೊಡುವವರಿಗೆ ಮುಂದಿನದು. ಎಸ್-ವಿಡಿಯೊ (ಚಿತ್ರಕ್ಕೆ ಮಾತ್ರ ಇರುವ ದುಂಡು ಕಿಂಡಿ) ಇದ್ದರೆ ಹಳದಿ ಪಿನ್ ಮುಟ್ಟಬೇಡಿ. ಎಸ್-ವಿಡಿಯೊದಲ್ಲಿ ಧ್ವನಿ ಬರುವುದಿಲ್ಲ, ಕೆಂಪು ಬಿಳಿ ಪಿನ್ ಬೇರೆ ಹಾಕಬೇಕು.

ಈಗ ಅಸಲಿ ತಲೆನೋವು. ಕ್ಯಾಪ್ಚರ್ ಕಾರ್ಡ್‌ಗಳಲ್ಲಿ ಎರಡು ಜಾತಿ. ಒಂದು, ಕಾರ್ಡಿನ ಮೇಲೆಯೇ ಎಂಪೆಗ್-2 ಚಿಪ್ ಇರುವುದು. ಹಾಪಾಜ್ ಪಿವಿಆರ್-150 ಅಂಥದ್ದು. ಚಿತ್ರ, ಧ್ವನಿ ಎರಡನ್ನೂ ತಾನೇ ಹೆಣೆದು ಕೊಡುವುದರಿಂದ ತುಟಿ ತಪ್ಪುವುದು ಬಹಳ ಕಡಿಮೆ. ಕೊಳ್ಳುವುದಾದರೆ ಇದೇ ಜಾತಿಯದನ್ನು ಕೊಳ್ಳಿ. ಇನ್ನೊಂದು ಜಾತಿ ಚಿತ್ರವನ್ನು ತಾನು ಹಿಡಿದು, ಧ್ವನಿಯನ್ನು ಸೌಂಡ್‌ಕಾರ್ಡಿನ ಪಾಲಿಗೆ ಬಿಡುತ್ತದೆ. ಅಲ್ಲಿಗೆ ವೇಗ ಎಣಿಸುವ ಗಡಿಯಾರ ಎರಡಾದವು, ಚಿತ್ರಕ್ಕೊಂದು, ಧ್ವನಿಗೊಂದು. ಸೌಂಡ್‌ಕಾರ್ಡ್ ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಬಿಡಿ ಅಳತೆ) ಎಂದುಕೊಂಡು 48,010 ತೆಗೆದುಕೊಂಡರೆ ಗಂಟೆಗೆ ಮುಕ್ಕಾಲು ಸೆಕೆಂಡ್ ಧ್ವನಿ ಉದ್ದವಾಗುತ್ತದೆ. ಮುಕ್ಕಾಲು ಸೆಕೆಂಡ್ ಏನು ಮಹಾ ಅನ್ನಬೇಡಿ. ವಾರ್ತೆ ಓದುವವರ ಮುಖ ನೋಡಿ, ಗೊತ್ತಾಗುತ್ತದೆ.

ಎರಡನೇ ಕಾರಣ ಫ್ರೇಮ್, ಅಂದರೆ ವಿಡಿಯೊದ ಒಂದೊಂದು ಬಿಡಿಚಿತ್ರ, ಉದುರುವುದು. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ನಡುವೆ 25 ಉದುರಿದರೆ ಚಿತ್ರ ಒಂದು ಸೆಕೆಂಡ್ ಮುಂದೆ ಓಡುತ್ತದೆ. ಯಾವ ಕಾಯಿಲೆ ಅಂತ ತಿಳಿಯುವುದು ಸುಲಭ. ನಿಧಾನವಾಗಿ ಜಾರುತ್ತ ಹೋದರೆ ಗಡಿಯಾರದ್ದು, ಒಂದು ಕಡೆ ದಿಢೀರ್ ಅಂತ ತಪ್ಪಿದರೆ ಫ್ರೇಮಿನದ್ದು.

ಫ್ರೇಮ್ ಉದುರದಿರಲು ಹಾರ್ಡ್‌ಡಿಸ್ಕಿಗೆ ಉಸಿರಾಡಲು ಬಿಡಿ. ಕುಗ್ಗಿಸದ 720×576 ಚಿತ್ರ ಸೆಕೆಂಡಿಗೆ ಸುಮಾರು 20 ಎಂಬಿ ಬರುತ್ತದೆ. ಹಫ್‌ವೈಯುವಿ ಕೋಡೆಕ್ (ಗುಣ ಕೆಡದಂತೆ ಕುಗ್ಗಿಸುವ ತಂತ್ರಾಂಶ) ಹಾಕಿದರೂ ಗಂಟೆಗೆ 30-40 ಜಿಬಿ ಬೇಕು. ವಿಂಡೋಸ್ ಇರುವ ಡಿಸ್ಕ್ ಬೇಡ, ಬೇರೆ ಡಿಸ್ಕಿಗೆ ಬರೆಸಿ. ಅದನ್ನು ಫಾರ್ಮ್ಯಾಟ್ ಮಾಡಿದ ಬಗೆ ಎನ್‌ಟಿಎಫ್‌ಎಸ್ ಇರಲಿ, ಫ್ಯಾಟ್32 ಆದರೆ 4 ಜಿಬಿಗೆ ಫೈಲ್ ನಿಂತೇ ಹೋಗುತ್ತದೆ. ಆ್ಯಂಟಿವೈರಸ್ ಸ್ಕ್ಯಾನ್, ಸ್ಕ್ರೀನ್‌ಸೇವರ್, ಡೌನ್‌ಲೋಡ್ ಎಲ್ಲ ನಿಲ್ಲಿಸಿ. ಆಮೇಲೆ ಕಂಪ್ಯೂಟರಿನ ತಂಟೆಗೆ ಹೋಗಬೇಡಿ. "ಸುಮ್ನೆ ಮೇಲ್ ನೋಡ್ತಿದ್ದೆ ಅಷ್ಟೇ" ಅನ್ನುವವರೇ ಜಾಸ್ತಿ ಫ್ರೇಮ್ ಕಳೆದುಕೊಳ್ಳುವವರು.

ರೆಕಾರ್ಡ್ ಮಾಡಲು ನಾನು ವರ್ಚುವಲ್‌ಡಬ್ ಬಿಟ್ಟು ಬೇರೆ ಬಳಸುವುದಿಲ್ಲ. ಎಷ್ಟು ಫ್ರೇಮ್ ಉದುರಿತು ಅಂತ ಅದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಅದರ ಟೈಮಿಂಗ್ ಆಯ್ಕೆಯಲ್ಲಿ ಧ್ವನಿಯನ್ನು ಚಿತ್ರಕ್ಕೆ ಹೊಂದಿಸುವ ಸೌಲಭ್ಯ ಇದೆ, ಹಾಕಿಕೊಳ್ಳಿ. ಧ್ವನಿಗೆ 48,000 ಹರ್ಟ್ಸ್ ಇಡಿ, 44,100 ಬೇಡ. ಐದು ನಿಮಿಷದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಪೂರ್ತಿ ಒಂದು ಗಂಟೆ ಹಿಡಿದು, ಕೊನೆಯಲ್ಲಿ ತುಟಿ ನೋಡಿ.

ಇಷ್ಟಾದರೂ ಜಾರಿದ್ದರೆ ಧ್ವನಿಯನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶಕ್ಕೆ ತಂದು, ಚಿತ್ರದ ಉದ್ದಕ್ಕೆ ಸರಿಯಾಗಿ ಕುಗ್ಗಿಸಿ. ಕೆಲವರು ಚಿತ್ರದ ಫ್ರೇಮ್ ರೇಟನ್ನೇ ಒಂದಿಷ್ಟು ಬದಲಿಸುತ್ತಾರೆ. ಕಂಪ್ಯೂಟರಿನಲ್ಲಿ ಸರಿ ಕಾಣುತ್ತದೆ, ಆದರೆ ಡಿವಿಡಿಗೆ 24.99 ನಡೆಯುವುದಿಲ್ಲ.

"ಒಂದೇ ಗುಂಡಿ, ನೇರ ಡಿಸ್ಕಿಗೆ" ಎಂದು ಡಬ್ಬದ ಮೇಲೆ ಬರೆದಿರುವ ಬೆರಳುಗಾತ್ರದ ಯುಎಸ್‌ಬಿ ಕಡ್ಡಿಯನ್ನು ನಾನೂ ಒಮ್ಮೆ ಕೊಂಡಿದ್ದೆ. ನಲವತ್ತು ನಿಮಿಷಕ್ಕೆ ಬಿಸಿಯಾಗಿ ಚಿತ್ರ ಕಲ್ಲಾಯಿತು. ಈಗ ಅದು ಕಾಗದ ಹಾರದಂತೆ ಇಡಲು ಉಪಯೋಗಕ್ಕೆ ಬರುತ್ತಿದೆ.

ಜಾಹೀರಾತು ಕತ್ತರಿಸಿ.

ಎನ್‌ಕೋಡ್ ಮಾಡುವಾಗ ಚಿತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಗಾಬರಿಯಾಗಿ ಡಿಇಂಟರ್‌ಲೇಸ್ ಮಾಡಿ ಆ ಹಲ್ಲು ಅಳಿಸಬೇಡಿ. ಟಿವಿ ಪ್ರಸಾರ ಇರುವುದೇ ಹಾಗೆ, ಒಂದು ಫ್ರೇಮಿನ ಬೆಸ ಗೆರೆ, ಸಮ ಗೆರೆ ಬೇರೆ ಬೇರೆಯಾಗಿ ಬರುತ್ತವೆ, ಡಿವಿಡಿಯೂ ಅದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಫೀಲ್ಡ್ ಆರ್ಡರ್ (ಯಾವ ಗೆರೆಗಳು ಮೊದಲು ಎಂಬುದು) ಮಾತ್ರ ಸರಿ ಇರಲಿ. ತಪ್ಪಿದರೆ ಕೆಳಗೆ ಓಡುವ ಅಕ್ಷರಗಳು ನಡುಗುತ್ತವೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸೆಕೆಂಡಿಗೆ 8 ಮೆಗಾಬಿಟ್ ಸಾಕು. ಎರಡು ಗಂಟೆಯದಾದರೆ ಧ್ವನಿಯೂ ಸೇರಿ 5 ಇಟ್ಟರೆ 4.7 ಜಿಬಿ ಡಿಸ್ಕಿಗೆ ಹಿಡಿಸುತ್ತದೆ. ಮೂರು ಗಂಟೆ ತುರುಕುವ ಆಸೆ ಬೇಡ, ಇನ್ನೊಂದು ಡಿಸ್ಕ್ ತೆಗೆದುಕೊಳ್ಳಿ.

ಮೆನು ಮಾಡಲು ಡಿವಿಡಿಸ್ಟೈಲರ್, ಬರ್ನ್ ಮಾಡಲು ಇಮ್ಗ್‌ಬರ್ನ್. 16ಎಕ್ಸ್ ಡಿಸ್ಕಿಗೆ 8ಎಕ್ಸ್ ವೇಗ ಇಡಿ, ಕೊನೆಗೆ ಬರೆದದ್ದು ಸರಿಯಿದೆಯೇ ಎಂದು ವೆರಿಫೈ ಮಾಡಿಸಿ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತೂಕ ತಪ್ಪಿ ಪ್ಲೇಯರಿನಲ್ಲಿ ಅದುರುತ್ತದೆ.

ಡಿಸ್ಕ್ ಹೊರಬಂದ ಮೇಲೆ ಅದನ್ನು ಟಿವಿಗೆ ಹಾಕಿ, ಕೊನೆಯ ಹತ್ತು ನಿಮಿಷವನ್ನೇ ಮೊದಲು ನೋಡಿ. ತುಟಿಯೂ ಮಾತೂ ಅಲ್ಲಿ ಜೊತೆಗಿದ್ದರೆ ಮೂಲ ಫೈಲ್ ಅಳಿಸಬಹುದು.