ಟೆಸ್ಟ್ ಪಾಸಾಗಿತ್ತು, ಆದರೆ ಡಿಟೆಕ್ಟರ್‌ಗೆ ಉಸಿರು ಕಟ್ಟಿತ್ತು

ಗ್ಯಾಸ್ ಡಿಟೆಕ್ಟರ್ ಜೊತೆ ಕೆಲಸ ಮಾಡುವವರಿಗೆ ಒಂದು ವಿಚಿತ್ರ ಕಷ್ಟ ಇದೆ. ಚೆನ್ನಾಗಿರುವ ಡಿಟೆಕ್ಟರ್ ದಿನವಿಡೀ ಸೊನ್ನೆ ತೋರಿಸುತ್ತದೆ. ಸತ್ತುಹೋದದ್ದೂ ಸೊನ್ನೆಯನ್ನೇ ತೋರಿಸುತ್ತದೆ. ಡಿಟೆಕ್ಟರ್ ತನ್ನ ರೀಡಿಂಗನ್ನು ಕರೆಂಟ್ ಆಗಿ ಕಳಿಸುತ್ತದೆ: 4 ಮಿಲಿಆಂಪ್ ಎಂದರೆ ಸೊನ್ನೆ, 20 ಎಂದರೆ 100 ಶೇಕಡಾ. ವೈರ್ ತುಂಡಾದರೆ ಕರೆಂಟ್ 4 ಮಿಲಿಆಂಪ್‌ಗಿಂತ ಕೆಳಗಿಳಿದು ಪ್ಯಾನೆಲ್‌ನಲ್ಲಿ ಫಾಲ್ಟ್ ಬರುತ್ತದೆ. ಆದರೆ ಒಳಗಿನ ಕ್ಯಾಟಲಿಟಿಕ್ ಮಣಿಗೆ (ಗ್ಯಾಸನ್ನು ಸುಟ್ಟು, ಆ ಬಿಸಿಯಿಂದ ಅದನ್ನು ಗುರುತಿಸುವ ಭಾಗ) ಸಿಲಿಕೋನ್ ಆವಿ ತಾಗಿ, ಸುಡುವ ಶಕ್ತಿಯೇ ಹೋಗಿದ್ದರೆ? ವೈರ್ ಸರಿ, ಕರೆಂಟ್ ಸರಿ, ಪ್ಯಾನೆಲ್ ತುಂಬ ಹಸಿರು ದೀಪ. ಅದಕ್ಕೇ ನಿಜವಾದ ಗ್ಯಾಸ್ ಹಾಕಿ ನೋಡಲೇಬೇಕು.

ನಾನೂ ವರ್ಷಗಟ್ಟಲೆ ಹಾಕಿ ನೋಡಿದ್ದೇನೆ. ಸಿಲಿಂಡರ್‌ನಲ್ಲಿ 2.5 ಶೇಕಡಾ ಮೀಥೇನ್, ಉಳಿದದ್ದು ಗಾಳಿ. ಮೀಥೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಕನಿಷ್ಠ 5 ಶೇಕಡಾ ಬೇಕು, ಆ ಮಿತಿಗೆ ನಾವು ಎಲ್‌ಇಎಲ್ ಅನ್ನುತ್ತೇವೆ. ಅಂದರೆ ಇದು 50 ಶೇಕಡಾ ಎಲ್‌ಇಎಲ್. ಡಿಟೆಕ್ಟರ್ ಮೇಲಿನ ಮಳೆ ಟೋಪಿಗೆ ಒಂದು ಸಣ್ಣ ನಳಿಗೆ ಇರುತ್ತದೆ. ಅದಕ್ಕೆ ಟ್ಯೂಬ್ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಪ್ಯಾನೆಲ್‌ನಲ್ಲಿ 50 ಬಂತಾ ಕೇಳಿ, ಸಹಿ ಹಾಕಿ ಮುಂದಿನದಕ್ಕೆ ಹೋಗುವುದು. ಒಂದಕ್ಕೆ ಐದು ನಿಮಿಷ.

ಕಾರ್ಖಾನೆಯ ಒಂದು ಶಟ್‌ಡೌನ್ ಸಮಯದಲ್ಲಿ ಪೈಪ್‌ಗಳಿಗೆ ಸ್ಪ್ರೇ ಪೇಂಟ್ ಹೊಡೆದಿದ್ದರು. ಅದಾದ ಮೇಲೆ ನಾನು ಟೆಸ್ಟ್ ಮಾಡಿದೆ, ಎಲ್ಲ ಪಾಸ್. ಮರುದಿನ ಬೇರೇನೋ ಕೆಲಸಕ್ಕೆ ಒಂದು ಟೋಪಿ ಬಿಚ್ಚಿದೆ. ಅದರ ಜಾಲರಿಯ ಮೇಲೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಬಾಯಿಂದ ಊದಿದರೂ ಗಾಳಿ ದಾಟಲಿಲ್ಲ. ಹಿಂದಿನ ದಿನ ಇದಕ್ಕೇ ಅಲ್ವಾ ನಾನು ಸಹಿ ಹಾಕಿದ್ದು?

ತಪ್ಪು ಎಲ್ಲಿತ್ತೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಳಿಗೆ ಗ್ಯಾಸನ್ನು ಜಾಲರಿಯ ಒಳಗಡೆಗೆ ತಂದು ಬಿಡುತ್ತದೆ. ನಿಜವಾದ ಸೋರಿಕೆಯ ಗ್ಯಾಸ್ ಹೊರಗಡೆಯಿಂದ ಬರಬೇಕು. ಮುಂಬಾಗಿಲಿಗೆ ಬೀಗ ಬಿದ್ದಿದ್ದರೂ ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ "ಮನೆ ತೆರೆದಿದೆ" ಎಂದು ಬರೆದುಕೊಡುತ್ತಿದ್ದೆ.

ಹಾಗಾದರೆ ಡಿಟೆಕ್ಟರ್ ತಲೆಯನ್ನೇ ಪೂರ್ತಿ ಗ್ಯಾಸ್‌ನಲ್ಲಿ ಮುಳುಗಿಸಬೇಕು. ಮೂರು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತಂದೆ. ಬಾಯಿಗೆ ಸ್ಪಂಜಿನ ಪಟ್ಟಿ ಅಂಟಿಸಿ ಕೆಳಗಿನಿಂದ ತಲೆಗೆ ಏರಿಸಿ, ನಿಮಿಷಕ್ಕೆ ಅರ್ಧ ಲೀಟರ್ ಗ್ಯಾಸ್ ಬಿಟ್ಟೆ. ರೀಡಿಂಗ್ ತೆವಳುತ್ತಾ ಏರಿತು. ಹತ್ತು ನಿಮಿಷವಾದರೂ 50 ಮುಟ್ಟಲಿಲ್ಲ. ಹೊಸ ಡಿಟೆಕ್ಟರ್ ಹಾಕಿದರೂ ಅದೇ ಕಥೆ. ಆಮೇಲೆ ಲೆಕ್ಕ ಹಾಕಿದೆ. ಒಳಗಿನ ಗಾಳಿ ಗ್ಯಾಸ್ ಜೊತೆ ಬೆರೆಯುತ್ತಾ ಹೊರಹೋಗಬೇಕು. 3 ಲೀಟರನ್ನು 0.5ರಿಂದ ಭಾಗಿಸಿದರೆ 6 ನಿಮಿಷ. ಆರು ನಿಮಿಷಕ್ಕೆ 63 ಶೇಕಡಾ ಮಾತ್ರ, 95 ಶೇಕಡಾ ತುಂಬಲು ಅದರ ಮೂರು ಪಟ್ಟು, 18 ನಿಮಿಷ. ನಾನು ಇಷ್ಟು ಹೊತ್ತು ಅಳೆದದ್ದು ಡಿಟೆಕ್ಟರನ್ನಲ್ಲ, ಡಬ್ಬಿಯನ್ನು!

ಇಲ್ಲಿ ನನ್ನ ಹಳೆಯ ಕೆಲಸ ನೆನಪಾಯಿತು. ಇದಕ್ಕೆ ಮೊದಲು ಎರಡು ವರ್ಷ ಸೋನಾರ್, ಅಂದರೆ ನೀರಿನಲ್ಲಿ ಪ್ರತಿಧ್ವನಿಯಿಂದ ದೂರ ಅಳೆಯುವ ಉಪಕರಣದ ಟೆಸ್ಟ್ ಬೆಂಚಿನಲ್ಲಿದ್ದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಪ್ರತಿಧ್ವನಿ ಬಂದ ಹೊತ್ತನ್ನು ಎಷ್ಟೇ ಚೆನ್ನಾಗಿ ಅಳೆದರೂ, ಶಬ್ದ ಬಿಟ್ಟ ಕ್ಷಣದಲ್ಲಿ ಒಂದು ಮಿಲಿಸೆಕೆಂಡ್ ತಪ್ಪಿದರೆ ದೂರದಲ್ಲಿ 75 ಸೆಂಟಿಮೀಟರ್ ತಪ್ಪುತ್ತದೆ. ಶುರುವಾದ ಕ್ಷಣ ಚೂಪಾಗಿರಬೇಕು. ನನ್ನ ಡಬ್ಬಿಗೆ ಆ ಚೂಪು ಇರಲಿಲ್ಲ.

ಪರಿಹಾರ ಸರಳ. ಡಬ್ಬಿಯ ಬಾಯಿಗೆ ಎಳೆಯುವ ತಗಡಿನ ಮುಚ್ಚಳ ಮಾಡಿದೆ, ಕೆಳಗೊಂದು ಸಣ್ಣ ತೂತು. ನೆಲದ ಮೇಲೆ, ಕೆಲಸದ ಅನುಮತಿಯ ಪರ್ಮಿಟ್ ಕಾಗದ ಓಡಾಡುವಾಗಲೇ ಡಬ್ಬಿಯಲ್ಲಿ ಗ್ಯಾಸ್ ತುಂಬಿಟ್ಟುಕೊಳ್ಳುವುದು. ಮೇಲೆ ಹೋಗಿ ತಲೆಗೆ ಒತ್ತಿ ಹಿಡಿದು ತಗಡನ್ನು ಸರ್ರನೆ ಎಳೆಯುವುದು. ಅಂಚಿನಲ್ಲಿ ಸ್ವಲ್ಪ ಸೋರುತ್ತದೆ, ಹಾಗಾಗಿ ಗ್ಯಾಸ್ ಹರಿಯುತ್ತಲೇ ಇರಲಿ. ಈ ಅಂಚು ಮುಚ್ಚಲು ನಾನು ಸಿಲಿಕೋನ್ ಸೀಲೆಂಟ್ ಕೈಗೆತ್ತಿಕೊಂಡಿದ್ದೆ. ನಮ್ಮ ಹಿರಿಯ ಟೆಕ್ನಿಶಿಯನ್ ನೋಡಿದರು. "ಏನ್ ಸರ್, ನೀವೇ ವಿಷ ಹಾಕ್ತೀರಾ?" ಎಂದರು. ನಾಚಿಕೆಯಾಯಿತು.

ತಗಡಿಗೆ ಮೈಕ್ರೋಸ್ವಿಚ್, ಪಕ್ಕದಲ್ಲಿ ಸಿಗ್ನಲ್ ದಾಖಲಿಸುವ ಲಾಗರ್ ಇಡಬೇಕೆಂದಿದ್ದೆ. ಗ್ಯಾಸ್ ಇರಬಹುದಾದ ಜಾಗದಲ್ಲಿ ಸಾದಾ ಲಾಗರ್‌ಗೆ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಲಾಗರನ್ನು ಕಂಟ್ರೋಲ್ ರೂಮಿನಲ್ಲೇ ಇಟ್ಟೆವು. ಡಿಟೆಕ್ಟರ್‌ನ ಕರೆಂಟ್ ಹರಿಯುವ ಲೂಪ್‌ನಲ್ಲಿದ್ದ 250 ಓಮ್ ರೆಸಿಸ್ಟರ್ ಮೇಲೆ 4ರಿಂದ 20 ಮಿಲಿಆಂಪ್ ಎಂದರೆ 1ರಿಂದ 5 ವೋಲ್ಟ್. ಮೈಕ್ರೋಸ್ವಿಚ್ ಬದಲು ವಾಕಿಟಾಕಿ. ನಾನು "ಎಳೆದೆ" ಎಂದು ಕೂಗುವುದು, ಅಲ್ಲಿದ್ದವರು ಗುಂಡಿ ಒತ್ತುವುದು. ಅರ್ಧ ಸೆಕೆಂಡ್ ಆಚೀಚೆ ಆಗುತ್ತದೆ, ಆಗಲಿ. ನಾವು ಅಳೆಯುವುದು ಹತ್ತಾರು ಸೆಕೆಂಡ್.

50 ಶೇಕಡಾ ಎಲ್‌ಇಎಲ್ ಗ್ಯಾಸ್‌ಗೆ ಸಿಗ್ನಲ್ 12 ಮಿಲಿಆಂಪ್ ಮುಟ್ಟಬೇಕು. ಆ ಏರಿಕೆಯ 90 ಶೇಕಡಾ ಎಂದರೆ 11.2. ಎಳೆದ ಕ್ಷಣದಿಂದ 11.2 ಬರುವವರೆಗಿನ ಹೊತ್ತು ನಮ್ಮ ಅಳತೆ. ಸ್ವಚ್ಛ ಟೋಪಿಗೆ ನಮಗೆ 18 ಸೆಕೆಂಡ್ ಬಂತು. ಪೇಂಟ್ ಬಿದ್ದಿದ್ದ ಒಂದಕ್ಕೆ ಮೂರು ನಿಮಿಷದ ಮೇಲಾಯಿತು. ಇನ್ನೊಂದು ಅಲುಗಲೇ ಇಲ್ಲ. ಎರಡೂ ನಳಿಗೆಯ ಟೆಸ್ಟ್‌ನಲ್ಲಿ ಪಾಸಾಗಿದ್ದವೇ.

ಸಮಯ ಉಳಿಸಲು ಒಂದು ಜಾಣತನ ಮಾಡಲು ಹೋದೆ. ಮೊದಲ ಹತ್ತು ಸೆಕೆಂಡಿನ ಏರಿಕೆ ನೋಡಿ ಉಳಿದದ್ದನ್ನು ಅಂದಾಜು ಮಾಡಿದರೆ ಸಾಕಲ್ವಾ? ಸಾಲದು. ಜಾಲರಿ ಕಟ್ಟಿದ್ದರೆ ಸಿಗ್ನಲ್ ನಿಧಾನ ಏರುತ್ತದೆ, ಆದರೆ ಕೊನೆಗೆ 12ಕ್ಕೆ ಬರುತ್ತದೆ. ಮಣಿ ಸೊರಗಿದ್ದರೆ ಏರಿಕೆಯೇ ಕಡಿಮೆ, ಬೇಗನೆ ಎಂಟೋ ಒಂಬತ್ತೋ ಮಿಲಿಆಂಪ್‌ಗೆ ನಿಂತುಬಿಡುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಎರಡೂ ಗೆರೆಗಳು ಅಕ್ಕತಂಗಿಯರ ಹಾಗೆ. ಒಂದಕ್ಕೆ ಟೋಪಿ ತೊಳೆದರೆ ಸಾಕು, ಇನ್ನೊಂದಕ್ಕೆ ಸೆನ್ಸರ್ ಬದಲಾಯಿಸಬೇಕು. ಗೆರೆ ಬಾಗಿ ಚಪ್ಪಟೆಯಾಗುವವರೆಗೆ ಕಾಯದೆ ದಾರಿಯಿಲ್ಲ. ಈಗ ಒಂದಕ್ಕೆ ಕಾಲು ಗಂಟೆ ಬೇಕು. ಮೇಲಿನವರು ಗೊಣಗಿದರು. ಪೇಂಟ್ ಬಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟು "ಊದಿ ನೋಡಿ" ಎಂದೆ. ಊದಿ ನೋಡಿದರು, ಸುಮ್ಮನಾದರು.

ಇದನ್ನು ಮಾಡುವವರು ಮೊದಲು ಆ ಡಿಟೆಕ್ಟರ್‌ನಿಂದ ಸೈರನ್ ಮೊಳಗದಂತೆ ಬೈಪಾಸ್ ಹಾಕಿ, ಡಿಟೆಕ್ಟರ್‌ನ ಟ್ಯಾಗ್ ನಂಬರನ್ನು ಇಬ್ಬರು ಓದಿ. ಒಮ್ಮೆ ನಾನು ಪಕ್ಕದ ನಂಬರಿಗೆ ಬೈಪಾಸ್ ಹಾಕಿ, ಸೈರನ್ ಮೊಳಗಿಸಿ, ಎಲ್ಲರನ್ನೂ ಮೈದಾನಕ್ಕೆ ಓಡಿಸಿದ್ದೇನೆ. ಕೆಲಸ ಮುಗಿದ ಮೇಲೆ ಬೈಪಾಸ್ ತೆಗೆಯುವುದಕ್ಕೂ ಇಬ್ಬರೇ ಬೇಕು.

ಹೈಡ್ರೋಜನ್ ಸಲ್ಫೈಡ್ ಡಿಟೆಕ್ಟರ್‌ಗಳಿಗೆ ಈ ಡಬ್ಬಿ ನಡೆಯಲಿಲ್ಲ. ಆ ಗ್ಯಾಸ್ ಸ್ಪಂಜಿಗೆ, ರಬ್ಬರ್ ಟ್ಯೂಬಿಗೆ ಅಂಟಿಕೊಂಡು ಕಡಿಮೆಯಾಗುತ್ತದೆ. 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಭಾಗ) ಬಿಟ್ಟರೆ 17 ತೋರಿಸಿತು, ನಾವು ಪಾಪ ಸೆನ್ಸರನ್ನು ಬೈದೆವು. ಟೆಫ್ಲಾನ್ ಟ್ಯೂಬ್ ಹಾಕಿದ ಮೇಲೆ 22ಕ್ಕೆ ಬಂದಿದೆ. ಉಳಿದ ಮೂರು ಸ್ಪಂಜಿನಲ್ಲಿದೆ ಎಂದು ನನ್ನ ಗುಮಾನಿ. ಅದರ ಬದಲು ಏನು ಹಾಕುವುದೆಂದು ಇನ್ನೂ ಹುಡುಕುತ್ತಿದ್ದೇನೆ.