ಸಾಲ ಮನ್ನಾ ಆದರೂ ಮನೆ ಹೋಗಬಹುದು: ಇಂಗ್ಲೆಂಡಿನಲ್ಲಿ ಬಾಡಿಗೆಗಿರುವ ನಮ್ಮವರಿಗೆ

ನಾನು ಮೈಸೂರಿಗೆ ವಾಪಸ್ ಬಂದ ಮೇಲೂ ಇಂಗ್ಲೆಂಡಿನಿಂದ ಫೋನ್ ಬರುವುದು ನಿಂತಿಲ್ಲ. ಮಾಸ್ಟರ್ಸ್ ಓದಲು ಹೋಗಿ ಅಲ್ಲೇ ಕೆಲಸ ಹಿಡಿದವರು, ಇಲ್ಲಿರುವ ಅವರ ಅಪ್ಪ ಅಮ್ಮ. ಕೇಳುವುದು ಹೆಚ್ಚುಕಮ್ಮಿ ಒಂದೇ. ಕಾರ್ಡಿನ ಸಾಲ ಕೈಮೀರಿದೆ, ದಿವಾಳಿ ಅರ್ಜಿ ಹಾಕಿದರೆ ಬಾಡಿಗೆ ಮನೆಯ ಗತಿ ಏನು? ಕ್ರೆಡಿಟ್ ಸ್ಕೋರ್, ಕೌನ್ಸಿಲ್ ಟ್ಯಾಕ್ಸ್ ಇವೆಲ್ಲ ನಿಮಗೆ ಗೊತ್ತೇ ಇರುತ್ತವೆ, ಬಿಡೋಣ. ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಬಗ್ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನೇ ಬೇರೆ.

ದಾರಿಗಳು ಮೂರು. ಸಾಲ 50,000 ಪೌಂಡಿನೊಳಗೆ ಇದ್ದು, ಆಸ್ತಿ 2,000 ಪೌಂಡ್ ಮೀರದೆ, ಖರ್ಚೆಲ್ಲ ಕಳೆದು ತಿಂಗಳಿಗೆ 75 ಪೌಂಡಿಗಿಂತ ಜಾಸ್ತಿ ಉಳಿಯದಿದ್ದರೆ ಡೆಟ್ ರಿಲೀಫ್ ಆರ್ಡರ್, ಅಂದರೆ ಸಾಲ ಮನ್ನಾದ ಆದೇಶ. ಜನ ಡಿಆರ್‌ಒ ಅಂತಾರೆ. 2024ರ ಏಪ್ರಿಲ್‌ನಿಂದ ಇದಕ್ಕೆ ಫೀಸ್ ಇಲ್ಲ. ಎರಡನೆಯದು ಐವಿಎ. ಸಾಲ ಕೊಟ್ಟವರ ಜೊತೆ ಮಾಡಿಕೊಂಡು ಸಾಮಾನ್ಯವಾಗಿ ಐದಾರು ವರ್ಷ ಕಂತು ಕಟ್ಟುವ ಒಪ್ಪಂದ. ಮೂರನೆಯದು ಪೂರ್ತಿ ದಿವಾಳಿ. ಅರ್ಜಿಗೆ 680 ಪೌಂಡ್, ಸಾಮಾನ್ಯವಾಗಿ ಒಂದು ವರ್ಷಕ್ಕೆ ಬಿಡುಗಡೆ. ಮೂರರಲ್ಲಿ ಯಾವುದೇ ಆದರೂ ಕ್ರೆಡಿಟ್ ಫೈಲಿನಲ್ಲಿ ಆರು ವರ್ಷ ಕಾಣುತ್ತದೆ. ಸರ್ಕಾರದ ಇನ್ಸಾಲ್ವೆನ್ಸಿ ರಿಜಿಸ್ಟರಿನಲ್ಲೂ ಹೆಸರು ಬರುತ್ತದೆ, ಅದನ್ನು ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು.

ಈಗ ನಮ್ಮವರು ಮತ್ತೆ ಮತ್ತೆ ಬೀಳುವ ಗುಂಡಿಗೆ ಬರುತ್ತೇನೆ.

ಮದ್ದೂರಿನ ಕಡೆಯ ಹುಡುಗ, ರೆಡಿಂಗ್‌ನಲ್ಲಿ ಗೋದಾಮಿನ ಕೆಲಸ. ಕಾರ್ಡುಗಳ ಸಾಲದ ಜೊತೆ ಬಾಡಿಗೆಯೂ ಬಾಕಿ ಬಿದ್ದಿತ್ತು. ಡಿಆರ್‌ಒ ಸಿಕ್ಕಿತು, ಬಾಡಿಗೆ ಬಾಕಿಯನ್ನೂ ಪಟ್ಟಿಗೆ ಸೇರಿಸಿದ್ದ. ಊರಿಗೆ ಫೋನ್ ಮಾಡಿ ‘ಎಲ್ಲ ಕ್ಲಿಯರ್ ಆಯ್ತಪ್ಪ’ ಅಂದ. ಸ್ವಲ್ಪ ದಿನಕ್ಕೆ ಅವನ ತಂದೆ ಸರಸ್ವತಿಪುರಂಗೆ ನನ್ನನ್ನು ಹುಡುಕಿಕೊಂಡು ಬಂದರು. ಫೋನಿನಲ್ಲಿ ಎರಡು ಕಾಗದದ ಫೋಟೋ. ಒಂದು, ಸಾಲ ಕೊಟ್ಟವರು ಇನ್ನು ನಿಮ್ಮನ್ನು ಪೀಡಿಸುವ ಹಾಗಿಲ್ಲ ಅನ್ನುವ ಆದೇಶ. ಇನ್ನೊಂದು, ಮನೆ ಖಾಲಿ ಮಾಡಿ ಅಂತ ಓನರ್ ಕೊಟ್ಟ ನೋಟಿಸ್. ಕಾರಣದ ಜಾಗದಲ್ಲಿ ಗ್ರೌಂಡ್ 8, ಅಂದರೆ ಬಾಡಿಗೆ ಬಾಕಿ, ಅಂತ ಬರೆದಿತ್ತು. ‘ಇದರಲ್ಲಿ ಯಾವುದು ಸುಳ್ಳು ಸಾರ್?’ ಅಂದರು. ಎರಡೂ ನಿಜ. ಅದೇ ಕಷ್ಟ.

ಡಿಆರ್‌ಒ ಆಗಲಿ ದಿವಾಳಿಯಾಗಲಿ ಸಾಲದ ಹಣದ ವಸೂಲಿಯನ್ನು ಮಾತ್ರ ತಡೆಯುತ್ತದೆ. ಹಳೇ ಬಾಡಿಗೆ ಬಾಕಿಗೆ ಓನರ್ ನಿಮ್ಮಿಂದ ದುಡ್ಡು ವಸೂಲಿ ಮಾಡುವ ಹಾಗಿಲ್ಲ. ಆದರೆ ಅದೇ ಬಾಕಿಯನ್ನು ಕಾರಣ ಮಾಡಿ ಮನೆ ವಾಪಸ್ ಕೇಳಬಹುದು. 2011ರಲ್ಲಿ ಅಲ್ಲಿನ ಕೋರ್ಟ್ ಆಫ್ ಅಪೀಲ್ ದಿವಾಳಿಯಾದವರ ಕೇಸನ್ನೂ ಡಿಆರ್‌ಒ ಪಡೆದವರ ಕೇಸನ್ನೂ ಒಟ್ಟಿಗೆ ಕೇಳಿ ಹೀಗೆಯೇ ತೀರ್ಪು ಕೊಟ್ಟಿದೆ. ಆ ಹುಡುಗ ಮನೆ ಕಳೆದುಕೊಂಡ. ಸಾಲ ಮಾತ್ರ ಮನ್ನಾ ಆಯಿತು.

ನಮ್ಮವರೇ ಇದಕ್ಕೆ ಜಾಸ್ತಿ ಸಿಕ್ಕಿಬೀಳಲು ಕಾರಣ ನಮ್ಮೂರ ಅಭ್ಯಾಸ ಅಂತ ನನಗನಿಸುತ್ತದೆ. ಕುವೆಂಪುನಗರದಲ್ಲೋ ಬೋಗಾದಿಯಲ್ಲೋ ಬಾಡಿಗೆಗಿದ್ದು ಒಂದೆರಡು ತಿಂಗಳು ಕಷ್ಟ ಆದರೆ ‘ಅಡ್ವಾನ್ಸಲ್ಲಿ ಮುರ್ಕೊಳಿ ಸಾರ್’ ಅಂತೀವಿ. ಓನರ್ ಗೊಣಗಿಕೊಂಡೇ ಒಪ್ಪುತ್ತಾರೆ. ಅಲ್ಲಿ ಮುರಿದುಕೊಳ್ಳಲು ಅಷ್ಟು ಅಡ್ವಾನ್ಸೇ ಇರುವುದಿಲ್ಲ. ಸಾಮಾನ್ಯ ಮನೆಗಳಿಗೆ ಡಿಪಾಸಿಟ್ ಐದು ವಾರದ ಬಾಡಿಗೆ ಮೀರಬಾರದು. ಅದನ್ನೂ ಓನರ್ 30 ದಿನದೊಳಗೆ ಡಿಪಾಸಿಟ್ ರಕ್ಷಣಾ ಸ್ಕೀಮಿಗೆ ಸೇರಿಸಬೇಕು. ಹಾಗಾಗಿ ಕಾರ್ಡ್ ಕಂಪನಿ ದಿನಾ ಫೋನ್ ಮಾಡಿ ಜೀವ ತಿಂತಾರೆ ಅಂತ ಅವರಿಗೆ ಕಟ್ಟಿ, ಸುಮ್ಮನಿರುವ ಓನರಿನ ಬಾಡಿಗೆ ನಿಲ್ಲಿಸಬೇಡಿ. ಕಾರ್ಡಿನವರು ಕೂಗಾಡಿದರೂ ನಿಮ್ಮನ್ನು ಬೀದಿಗೆ ಹಾಕಲಾರರು. ಓನರ್ ಹಾಕಬಲ್ಲರು. ಮೊದಲು ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು. ಮಿಕ್ಕಿದ್ದೆಲ್ಲ ಆಮೇಲೆ.

ಕಾರಣ ಹೇಳದೆ ಮನೆ ಬಿಡಿಸುವ ಸೆಕ್ಷನ್ 21 ನೋಟಿಸ್ 2026ರ ಮೇ 1ರಿಂದ ರದ್ದು. ಇದು ಬಾಡಿಗೆದಾರರಿಗೆ ದೊಡ್ಡ ಗೆಲುವು. ಆದರೆ ಬಾಕಿಯ ಕಾರಣಕ್ಕೆ ಬಿಡಿಸುವ ಗ್ರೌಂಡ್ 8 ಉಳಿದಿದೆ. ಮುಂಚೆ ಎರಡು ತಿಂಗಳ ಬಾಕಿ ಸಾಕಿತ್ತು, ಈಗ ಮೂರು ತಿಂಗಳು ಬೇಕು. ನೋಟಿಸ್ ಎರಡು ವಾರದಿಂದ ನಾಲ್ಕು ವಾರಕ್ಕೆ ಏರಿದೆ. ಇದರಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಆ ಮೂರು ತಿಂಗಳ ಬಾಕಿ ನೋಟಿಸ್ ಕೊಟ್ಟ ದಿನವೂ ಇರಬೇಕು, ಕೋರ್ಟಿನ ವಿಚಾರಣೆಯ ದಿನವೂ ಇರಬೇಕು. ವಿಚಾರಣೆಗೆ ಮುಂಚೆ ಬಾಕಿ ಅದಕ್ಕಿಂತ ಕೆಳಗಿಳಿದರೆ, ಜಡ್ಜ್ ಮನೆ ಬಿಡಿಸಲೇಬೇಕು ಅನ್ನುವ ಕಡ್ಡಾಯ ಹೋಗುತ್ತದೆ. ಬೇರೆ ಕಾರಣಗಳ ಮೇಲೆ ಓನರ್ ವಾದ ಮಾಡಬಹುದು, ಆದರೆ ಆಗ ನಿಮ್ಮ ಕಷ್ಟ ಕೇಳುವ ಅವಕಾಶ ಜಡ್ಜ್‌ಗೆ ಇರುತ್ತದೆ.

ಇದಕ್ಕಿಂತ ಮುಂಚೆಯೇ ಬಳಸಬೇಕಾದದ್ದು ಬ್ರೀದಿಂಗ್ ಸ್ಪೇಸ್, ಅಂದರೆ ಸಾಲದ ಕಾಟಕ್ಕೆ ಸ್ವಲ್ಪ ದಿನದ ಬಿಡುವು ಕೊಡುವ ಸರ್ಕಾರಿ ಯೋಜನೆ. 2021ರ ಮೇ ತಿಂಗಳಲ್ಲಿ ಬಂದದ್ದು. ಸಾಲದ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಸಾಲ ಕೊಟ್ಟವರು ಸುಮ್ಮನಿರಬೇಕು. ಡಿಆರ್‌ಒ ಮಾಡದ ಕೆಲಸವನ್ನು ಇದು ಮಾಡುತ್ತದೆ: ಹಳೇ ಬಾಡಿಗೆ ಬಾಕಿ ತೋರಿಸಿ ಮನೆ ಬಿಡಿ ಅನ್ನುವ ನೋಟಿಸನ್ನು ಆ 60 ದಿನ ಕೊಡುವ ಹಾಗಿಲ್ಲ. ಆ ಅವಧಿಯ ಬಾಡಿಗೆ ಮಾತ್ರ ತಪ್ಪದೆ ಕಟ್ಟಬೇಕು. ಮನೆ ಉಳಿಸಿಕೊಳ್ಳಲು ಹಳೇ ಬಾಕಿಯನ್ನು ಏನು ಮಾಡುವುದು ಅನ್ನುವುದನ್ನು ಡಿಆರ್‌ಒ ಅರ್ಜಿಗೆ ಮುಂಚೆ, ಈ ದಿನಗಳಲ್ಲೇ ಕೂತು ತೀರ್ಮಾನಿಸಿ.

ಹೊಸ ಮನೆ ಹುಡುಕುತ್ತಿದ್ದೀರಾ? ಆಗುವ ಹಾಗಿದ್ದರೆ ಅರ್ಜಿ ಹಾಕುವ ಮೊದಲೇ ಮನೆ ಹಿಡಿಯಿರಿ. ಅಗ್ರಿಮೆಂಟಿನಲ್ಲಿ ದಿವಾಳಿಯ ಬಗ್ಗೆ ಷರತ್ತು ಇದೆಯಾ ಅಂತ ಓದಿ ಸಹಿ ಮಾಡಿ. ಆಗಲೇ ಐವಿಎಯಲ್ಲಿದ್ದರೆ ಮುಚ್ಚಿಡಬೇಡಿ. ಮನೆ ಕಾಯ್ದಿರಿಸಲು ಒಂದು ವಾರದ ಬಾಡಿಗೆಯವರೆಗೆ ಹೋಲ್ಡಿಂಗ್ ಡಿಪಾಸಿಟ್ ತಗೋತಾರೆ. ಫಾರಂನಲ್ಲಿ ‘ದಿವಾಳಿ, ಐವಿಎ ಏನಾದರೂ ಇದೆಯಾ?’ ಅಂತ ಇರುತ್ತದೆ. ‘ಇಲ್ಲ’ ಅಂತ ಟಿಕ್ ಮಾಡಿ, ಅವರು ರಿಜಿಸ್ಟರಿನಲ್ಲಿ ಹೆಸರು ನೋಡಿದರೆ, ಸುಳ್ಳು ಮಾಹಿತಿ ಕೊಟ್ಟಿರಿ ಅಂತ ಆ ದುಡ್ಡು ಇಟ್ಟುಕೊಳ್ಳಲು ಕಾನೂನೇ ಬಿಡುತ್ತದೆ. ನಿಜ ಹೇಳಿದ ಮೇಲೂ ಕ್ರೆಡಿಟ್ ಚೆನ್ನಾಗಿಲ್ಲ ಅಂತ ಬೇಡ ಅಂದರೆ ವಾಪಸ್ ಕೊಡಲೇಬೇಕು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಏಜೆಂಟಿಗೆ ಇಮೇಲಿನಲ್ಲಿ ತಿಳಿಸಿ. ಬಾಯಿಮಾತು ಬೇಡ.

ಭೋಗ್ಯದ ಮನೆ ನೋಡಿ ಬೆಳೆದ ನಮಗೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟರೆ ಓನರ್ ಒಪ್ಪುತ್ತಾರೆ ಅನ್ನುವ ನಂಬಿಕೆ. ಆರು ತಿಂಗಳ ಬಾಡಿಗೆ ಮುಂಗಡ ಕೊಡಲು ಊರಲ್ಲಿ ಒಡವೆ ಅಡ ಇಟ್ಟವರನ್ನು ನೋಡಿದ್ದೇನೆ. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಆ ಬಾಗಿಲು ಮುಚ್ಚಿದ್ದರಿಂದ ಗ್ಯಾರಂಟರ್, ಅಂದರೆ ನಿಮ್ಮ ಬಾಡಿಗೆಗೆ ಜಾಮೀನು ನಿಲ್ಲುವವರನ್ನು, ಕೇಳುವುದು ಹೆಚ್ಚಬಹುದು. ಸಂಘದಲ್ಲಿ ಪರಿಚಯವಾದ ಅಣ್ಣನ ಹತ್ತಿರ ಸಹಿ ಹಾಕಿಸುವ ಮುಂಚೆ ಅವರಿಗೆ ಪೂರ್ತಿ ವಿಷಯ ಹೇಳಿ. ನಿಮ್ಮ ದಿವಾಳಿ ನಿಮ್ಮನ್ನು ಬಿಡಿಸುತ್ತದೆ, ಅವರನ್ನಲ್ಲ. ಇಬ್ಬರು ಸೇರಿ ಒಂದೇ ಅಗ್ರಿಮೆಂಟ್ ಮಾಡಿಕೊಂಡರೂ ಹಾಗೇ, ಪೂರ್ತಿ ಬಾಡಿಗೆಗೆ ಇನ್ನೊಬ್ಬರನ್ನು ಹಿಡಿಯಬಹುದು.

ಇನ್ನೊಂದು ಎಚ್ಚರಿಕೆ. ‘ಮೈಸೂರಿನ ಸೈಟು ಅವರಿಗೆ ಹೇಗೆ ಗೊತ್ತಾಗುತ್ತೆ’ ಅನ್ನುವವರು ಬೇಕಾದಷ್ಟು ಜನ. ನಿಮ್ಮ ಹೆಸರಿನಲ್ಲಿ ಮುಡಾ ಸೈಟಿರಲಿ, ಮಂಡ್ಯದ ಗದ್ದೆಯಿರಲಿ, ಹೇಳಲೇಬೇಕು. ದಿವಾಳಿಯಲ್ಲಿ ಆಸ್ತಿ ಯಾವ ದೇಶದಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿಡುವುದು ಅಪರಾಧ. ಸೈಟಿದ್ದವರಿಗೆ ಡಿಆರ್‌ಒ ದಾರಿ ಬಹುತೇಕ ಇಲ್ಲ ಅಂತಲೇ ತಿಳಿಯಿರಿ. ಅರ್ಜಿಗೆ ಮುಂಚೆ ಮಾವನ ಕೈಸಾಲ ಮಾತ್ರ ತೀರಿಸಿಬಿಡೋಣ ಅನ್ನಬೇಡಿ. ಹತ್ತಿರದವರಿಗೆ ಹಾಗೆ ಕೊಟ್ಟದ್ದನ್ನು ಎರಡು ವರ್ಷದ ಹಿಂದಿನವರೆಗೂ ಕೆದಕಿ ವಾಪಸ್ ಕೇಳಬಹುದು.

ಇಷ್ಟೆಲ್ಲ ಇದ್ದರೂ ಸಾಲದ ವಿಷಯದಲ್ಲಿ ಅವರ ವ್ಯವಸ್ಥೆಯೇ ಮೇಲು ಅಂತ ನಾನು ಹೇಳುತ್ತೇನೆ. ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳ ಭಾಗ ಇನ್ನೂ ಜಾರಿಗೆ ಬಂದಿಲ್ಲ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಬಂದಿದೆ. ಕರ್ನಾಟಕದಲ್ಲಿ ಮಿಕ್ಕವರಿಗೆ 1920ರ ಹಳೇ ಕಾಯ್ದೆಯೇ ಗತಿ. ಮಂಡ್ಯದ ಸಣ್ಣ ಸಾಲಗಾರನಿಗೆ ಇಲ್ಲದ ಗೌರವದ ದಾರಿ ಅಲ್ಲಿ ನಿಮಗಿದೆ. ನಾಚಿಕೆಪಟ್ಟು ತಡ ಮಾಡಬೇಡಿ.

ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಪುಕ್ಕಟೆ ಹೇಳುತ್ತವೆ. ಮನೆ ಬಿಡಿಸುವ ನೋಟಿಸ್ ಬಂದಿದ್ದರೆ ಶೆಲ್ಟರ್ ಅನ್ನುವ ಸಂಸ್ಥೆಯನ್ನು ಕೇಳಿ. ಫೇಸ್‌ಬುಕ್ಕಿನಲ್ಲಿ ‘ಸಾಲದಲ್ಲಿ ಇಷ್ಟು ಭಾಗ ಮನ್ನಾ’ ಅನ್ನುವ ಜಾಹೀರಾತು ಒತ್ತಬೇಡಿ, ನಿಮಗೆ ಡಿಆರ್‌ಒ ಸಾಕಾಗುವಲ್ಲಿ ಐವಿಎ ತಲೆಗೆ ಕಟ್ಟುತ್ತಾರೆ. ಫೋನ್ ಮಾಡುವಾಗ ಅಗ್ರಿಮೆಂಟ್, ಬಾಡಿಗೆ ಕಟ್ಟಿದ ಲೆಕ್ಕ, ಬಂದಿರುವ ನೋಟಿಸ್ ಮುಂದಿಟ್ಟುಕೊಳ್ಳಿ. ಕಾರ್ಡಿನ ಸಾಲ ಎಷ್ಟು ಅಂತ ಅವರು ಕೇಳುವ ಮುಂಚೆಯೇ, ಬಾಡಿಗೆ ಎಷ್ಟು ಬಾಕಿ ಇದೆ ಅಂತ ಮೊದಲು ಹೇಳಿ.